ಸಿಂಬಿಗೆ ಜಾಗವಿಲ್ಲದ ಹೆಲ್ಮೆಟ್

ಕಟ್ಟಡ ಕೆಲಸದವರ ತಲೆ ಕಾಯುವ ಲೇಬರ್ ಇನ್ಸ್‌ಪೆಕ್ಟರ್ ಸಾಹೇಬರಿಗೆ,

ಮಾನ್ಯರೇ, ಆ ಕಾಂಕ್ರೀಟು ಬಿಡಲಿಲ್ಲ. ಮೂರು ದಿನ ಉಳಿ ಇಟ್ಟು ಹೊಡೆದೆವು. ತಮ್ಮ ಬಿಳಿ ಹೆಲ್ಮೆಟ್ಟಿನ ಅಂಚು ಬಿರುಕು ಬಿಟ್ಟಿತೇ ಹೊರತು ಒಳಗಿನದು ಅಲುಗಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ, ಇಷ್ಟು ಗಟ್ಟಿ ಮಾಲು ನಾನು ಯಾರ ತಾರಸಿಗೂ ಹಾಕಿಲ್ಲ. ಆದರೆ ಹೆಲ್ಮೆಟ್ಟನ್ನು 'ಮೂಲ ಸ್ಥಿತಿಯಲ್ಲಿ' ಹಿಂತಿರುಗಿಸುವ ತನಕ ನಮ್ಮಲ್ಲಿ ಮಾಲು ಹೊರುವ ಶಿವಮ್ಮನ ಕಾರ್ಮಿಕ ಕಾರ್ಡನ್ನು ತಡೆಹಿಡಿಯಲಾಗಿದೆ ಎಂದು ತಾವು ನೋಟೀಸು ಕೊಟ್ಟಿದ್ದೀರಿ. ಕಾರ್ಡಿಲ್ಲದವರನ್ನು ನಮ್ಮ ಕಂಟ್ರಾಕ್ಟರು ಶಾಂತರಾಜು ಕೆಲಸಕ್ಕೆ ಹತ್ತಿಸುವುದಿಲ್ಲ. ಬರುವ ಸೋಮವಾರ ಹೂಗ್ಯಂನಲ್ಲಿ ಒಂದು ಮನೆಯ ತಾರಸಿಗೆ ಮೋಲ್ಡು ಹಾಕಬೇಕು. ಅಲ್ಲಿಗೆ ಶಿವಮ್ಮ ಬರುವಂತಿಲ್ಲ. ಇದು ಯಾವ ನ್ಯಾಯ ಸ್ವಾಮಿ?

ನಡೆದದ್ದು ತಮಗೆ ಗೊತ್ತು, ಎದುರಿಗೇ ನಿಂತಿದ್ದಿರಿ. ಈ ಬಹಿರಂಗ ಪತ್ರ ಓದುವ ಜನಕ್ಕೂ ಗೊತ್ತಾಗಲಿ ಎಂದು ಬರೆಯುತ್ತೇನೆ. ರಾಮಾಪುರದ ಹತ್ತಿರ ಚೆನ್ನಯ್ಯನವರ ಮನೆಗೆ ಮೋಲ್ಡು ಹಾಕುತ್ತಿದ್ದೆವು. ತಾರಸಿ ಕಾಂಕ್ರೀಟು ಒಂದು ಸಲ ಶುರುವಾದರೆ ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ. ಕೆಳಗೆ ಮಿಷನ್ನು ಕಲಸುತ್ತದೆ, ಹೆಂಗಸರು ತಲೆಯ ಮೇಲೆ ಬಟ್ಟೆಯ ಸಿಂಬಿ ಸುತ್ತಿ, ಅದರ ಮೇಲೆ ಬಾಂಡ್ಲಿ ಇಟ್ಟು ಏಣಿ ಹತ್ತುತ್ತಾರೆ. ಶಿವಮ್ಮ ಕೈ ಬಿಟ್ಟು ಹತ್ತುವವಳು. ಒಂದು ತೊಟ್ಟು ಚೆಲ್ಲುವುದಿಲ್ಲ. ಅಂಥ ಹೊತ್ತಿಗೆ ತಮ್ಮ ಜೀಪು ಬಂತು.

ಬಂದವರು ಬಿಸಿಲಿಗೆ ಬೆವೆತು, ತಲೆಯ ಮೇಲಿದ್ದ ಹೆಲ್ಮೆಟ್ಟನ್ನು ತೆಗೆದು ಏಣಿಯ ಬುಡದ ಮರಳು ಗುಡ್ಡೆಯ ಮೇಲೆ ಅಂಗಾತ ಇಟ್ಟಿರಿ. ಆಮೇಲೆ ಕರ್ಚೀಫಿನಲ್ಲಿ ತಲೆ ಒರೆಸಿಕೊಳ್ಳುತ್ತಾ, ಈಯಮ್ಮ ಯಾಕೆ ಹೆಲ್ಮೆಟ್ ಹಾಕಿಲ್ಲ ಎಂದು ಕೇಳಿದಿರಿ.

ಶಿವಮ್ಮ ಹೇಳಿದಳು, "ಎಲ್ಮೆಟ್ಟು ಅಲ್ಲೇ ಗೂಟಕ್ಕೆ ನೇತಾಕಿವ್ನಿ ಸಾ. ಅದ್ನ ಇಕ್ಕಂಡ್ರೆ ಬಾಂಡ್ಲಿ ಎಲ್ಲಿಕ್ಕನ?"

"ಅದು ನಿಮ್ಮ ಸಮಸ್ಯೆ. ರೂಲ್ಸ್ ಅಂದ್ರೆ ರೂಲ್ಸು."

"ಅಂಗಾರೆ ಎಲ್ಮೆಟ್ ಮ್ಯಾಲೆ ಸಿಂಬಿ, ಸಿಂಬಿ ಮ್ಯಾಲೆ ಬಾಂಡ್ಲಿ ಇಕ್ಲಾ?"

"ಇಡಿ."

ಈ 'ಇಡಿ' ಎಂಬ ಮಾತಿಗೆ ಹನ್ನೊಂದು ಜನ ಸಾಕ್ಷಿ ಇದ್ದೇವೆ. ಇಟ್ಟಳು. ಬುರುಡೆಯ ಹಾಗೆ ನುಣ್ಣಗಿರುವ ಹೆಲ್ಮೆಟ್ಟಿನ ಮೇಲೆ ಸಿಂಬಿ ನಿಲ್ಲುವುದು ಬೋಳು ಬಂಡೆಯ ಮೇಲೆ ಗಡಿಗೆ ನಿಂತ ಹಾಗೆ. ಮೂರು ಮೆಟ್ಟಿಲು ಹತ್ತಿದಳು. ನಾಲ್ಕನೆಯದಕ್ಕೆ ಕಾಲಿಟ್ಟಾಗ ಸಿಂಬಿ ಒಂದು ಕಡೆಗೆ, ಬಾಂಡ್ಲಿ ಇನ್ನೊಂದು ಕಡೆಗೆ. ಮಾಲು ಮಾತ್ರ ಅಳತೆ ಮಾಡಿ ಸುರಿದ ಹಾಗೆ ತಮ್ಮ ಹೆಲ್ಮೆಟ್ಟಿನೊಳಗೆ ಬಿತ್ತು. ನಾವು ಯಾರೂ ನಗಲಿಲ್ಲ. ನಕ್ಕವನು ನಮ್ಮ ಜೊತೆ ಕೆಲಸದ ಕೆಂಪನಂಜಪ್ಪ ಒಬ್ಬನೇ, ಅವನು ಸಾವಿನ ಮನೆಯಲ್ಲೂ ನಗುತ್ತಾನೆ. ತಾವು ಅಲ್ಲೇ ನಿಂತು ನೋಟೀಸು ಬರೆದಿರಿ. ಬರೆದು ಮುಗಿಯುವುದರೊಳಗೆ ಯಾರಾದರೂ ಹೆಲ್ಮೆಟ್ಟನ್ನು ತೊಳೆಯಬಹುದಿತ್ತು. ಆದರೆ ಸಾಕ್ಷಿಗೆ ಬೇಕು, ಯಾರೂ ಮುಟ್ಟಬೇಡಿ ಎಂದಿರಿ. ಮುಟ್ಟಲಿಲ್ಲ. ಬಿಸಿಲು ಒಳ್ಳೆಯದಿತ್ತು.

ಹೆಲ್ಮೆಟ್ಟೇ ಬೇಡ ಎನ್ನುವವನು ನಾನಲ್ಲ. ಹೋದ ವರ್ಷ ಮುಳ್ಳೂರಿನಲ್ಲಿ ಮೇಲಿನಿಂದ ಇಟ್ಟಿಗೆ ಬಿದ್ದಾಗ ಇದೇ ಕೆಂಪನಂಜಪ್ಪ ಬದುಕಿದ್ದು ಹೆಲ್ಮೆಟ್ಟಿನಿಂದ. ಅವತ್ತಿನಿಂದ ಅವನು ಉಣ್ಣುವಾಗಲೂ ತೆಗೆಯುವುದಿಲ್ಲ. ಆದರೆ ತಮ್ಮ ತಲೆ ಯೋಚನೆ ಮಾಡುವುದಕ್ಕೆ ಇರುವುದು, ಶಿವಮ್ಮನ ತಲೆ ಹೊರುವುದಕ್ಕೂ ಬೇಕು. ಹೆಲ್ಮೆಟ್ ಮಾಡಿದವನು ಜನ್ಮದಲ್ಲಿ ಒಂದು ಬಾಂಡ್ಲಿ ಹೊತ್ತಿದ್ದರೆ ಅದರ ನೆತ್ತಿಯನ್ನು ಚಪ್ಪಟೆ ಮಾಡುತ್ತಿರಲಿಲ್ಲವೇ? ಇಲ್ಲವೆಂದರೆ ಮಾಲು ಮೇಲಕ್ಕೆ ಎಳೆಯುವ ಲಿಫ್ಟ್ ಮಿಷನ್ನು ತರಿಸಿ ಎಂದು ತಾವು ಕಂಟ್ರಾಕ್ಟರಿಗೆ ಹೇಳಬಹುದಿತ್ತು. ಅವರಿಗೊಂದು ನೋಟೀಸು ಬರೆಯಲು ಪೆನ್ನಿನಲ್ಲಿ ಇಂಕು ಮುಗಿದಿತ್ತೇ?

ಮಂಗಳವಾರ ಶಿವಮ್ಮ ಆ ಹೆಲ್ಮೆಟ್ಟನ್ನು ಕೊಳ್ಳೇಗಾಲದ ತಮ್ಮ ಆಫೀಸಿಗೆ ತಂದಳು. ಜೊತೆಗೆ ನಾನಿದ್ದೆ. ಬಸ್ಸಿನಲ್ಲಿ ಕಂಡಕ್ಟರು, "ಏನಮ್ಮೋ ಅದು, ರುಬ್ಬೋ ಗುಂಡಾ?" ಎಂದ. "ಊಂ ಕಣಪ್ಪ, ಸರ್ಕಾರದ್ದು" ಎಂದಳು. ಬಸ್‌ಸ್ಟ್ಯಾಂಡಿನಿಂದ ಆಫೀಸಿನ ತನಕ ಸಿಂಬಿ ಸುತ್ತಿ ಅದರ ಮೇಲೆ ಹೊತ್ತುಕೊಂಡೇ ನಡೆದಳು. ಗಮನಿಸಿ ಸ್ವಾಮಿ, ಇಡೀ ದಾರಿ ಅವಳ ತಲೆಯ ಮೇಲೆ ಹೆಲ್ಮೆಟ್ ಇತ್ತು. ತಮ್ಮ ಗುಮಾಸ್ತರು ಎತ್ತಿ ನೋಡಲು ಹೋಗಿ, ಎತ್ತಲಾಗದೆ, "ಇದು ಹೆಲ್ಮೆಟ್ ಅಲ್ಲಮ್ಮ, ಕಟ್ಟಡ ಸಾಮಗ್ರಿ. ನಮ್ಮಲ್ಲಿ ತಗೊಳ್ಳಲ್ಲ" ಎಂದರು.

"ಎಲ್ಮೆಟ್ ಅಲ್ದಿದ್ರೆ ನನ್ ಕಾರ್ಡ್ ಯಾಕ್ ಇಡ್ಕಂಡಿದ್ದೀರಿ?" ಎಂದು ಶಿವಮ್ಮ ಕೇಳಿದಳು.

ಅದಕ್ಕೆ ಉತ್ತರ ಕೊಡುವ ಟೇಬಲ್ಲಿನವರು ರಜೆಯಲ್ಲಿದ್ದಾರಂತೆ. ಬರುವಾಗ ಬಸ್ಸಿನಲ್ಲಿ ಶಿವಮ್ಮ ಆ ಹೆಲ್ಮೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಹನೂರು ದಾಟಿದ ಮೇಲೆ, "ಅಣ್ಣ, ಸೋಮವಾರ ನನ್ ಜಾಗಕ್ಕೆ ಯಾರ್ನ ಕರ್ದಿದ್ದೀಯ?" ಎಂದಳು. ನಾನು ಯಾರನ್ನೂ ಕರೆದಿಲ್ಲ.

ಆದ್ದರಿಂದ ನನ್ನ ಒತ್ತಾಯ ಇದು. ಭಾನುವಾರದೊಳಗೆ ಕಾರ್ಡು ಬಿಡಿ. ಆಗುವುದಿಲ್ಲ ಎಂದರೆ ಸೋಮವಾರ ಹೂಗ್ಯಂಗೆ ಬನ್ನಿ. ನನ್ನ ಹೆಲ್ಮೆಟ್ ಕೊಡುತ್ತೇನೆ, ಶಿವಮ್ಮ ಸಿಂಬಿ ಕೊಡುತ್ತಾಳೆ. ಹೆಲ್ಮೆಟ್ಟಿನ ಮೇಲೆ ಒಂದು ಬಾಂಡ್ಲಿ ಮಾಲು ಇಟ್ಟುಕೊಂಡು ನಾಲ್ಕೇ ನಾಲ್ಕು ಮೆಟ್ಟಿಲು ಹತ್ತಿ ತೋರಿಸಿ. ಚೆಲ್ಲದಿದ್ದರೆ ನಾವು ಹನ್ನೊಂದು ಜನವೂ ಕಾರ್ಡು ತಂದು ತಮ್ಮ ಕಾಲ ಬುಡದಲ್ಲಿಡುತ್ತೇವೆ, ಮಾದಪ್ಪನಾಣೆ. ಚೆಲ್ಲಿದರೆ, ಶಿವಮ್ಮನ ಕಾರ್ಡಿಗೆ ಆ ಏಣಿಯ ಬುಡದಲ್ಲೇ ನಿಂತು...

ಒಳಗಿನಿಂದ ನನ್ನ ಹೆಂಡತಿ ರಂಗಮ್ಮ ಕೂಗುತ್ತಿದ್ದಾಳೆ. "ಇನ್ನೂ ಬರೀತಾನೆ ಕುಂತಿದ್ದೀರಾ? ಶಿವಮ್ಮನೂ ಬಂದು ಎಲೆ ಮುಂದೆ ಕುಂತವ್ಳೆ. ಬಂದ್ ಉಣ್ಣಿ. ಮುದ್ದೆ ಆರೋದ್ರೆ ಅದ್ಕೂ ಉಳಿ ಇಕ್ಬೇಕಾಯ್ತದೆ."

ಮೇಲಿನ ಸಾಲಿನಲ್ಲಿ 'ಸಹಿ ಹಾಕಿ' ಎನ್ನುವುದು ಬಾಕಿ ಇತ್ತು, ಹಾಕಿಬಿಡಿ.

ಇಂತಿ,
ತಮ್ಮ ಹೆಲ್ಮೆಟ್ಟಿಗೆ ದಿನಾ ಎರಡು ಹೊತ್ತು ನೀರು ಹಾಕಿ ಕ್ಯೂರಿಂಗ್ ಮಾಡುತ್ತಿರುವ,
ನಿಂಗರಾಜು, ಗಾರೆ ಮೇಸ್ತ್ರಿ, ರಾಮಾಪುರ