ಟೈಲರ್ ಅಕ್ಕನ ನಾಯಿ ಬದುಕಿತು

ಮಾರ್ಚ್ ೧೪, ಗುರುವಾರ

ಟೈಲರ್ ಅಕ್ಕನ ನಾಯಿ ಇವತ್ತು ಎದ್ದು ನಿಂತಿತು. ನಮ್ಮ ನಾಯಿ ಗುಂಡನನ್ನು ಹೋದ ವರ್ಷ ಒಯ್ದ, ಉಣ್ಣಿ ಕಚ್ಚಿ ಬರುವ ಜ್ವರವೇ ಅದಕ್ಕೂ ಬಂದಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ದಿನವೂ ಅಕ್ಕನ ಜೊತೆ ಕೂತವಳು ನಾನು. ಸಿರಿಂಜಿನಿಂದ ಬಾಯಿಯ ಅಂಚಿಗೆ ನೀರು ಬಿಡುವುದನ್ನು ಕಲಿಸಿಕೊಟ್ಟವಳೂ ನಾನೇ.

ಇವತ್ತು ಅದು ತಾನೇ ಬಟ್ಟಲಿಗೆ ಬಾಯಿ ಹಾಕಿತು. ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತರು. "ನೀನಿಲ್ದಿದ್ರೆ ಇವನು ಉಳೀತಾನೇ ಇರ್ಲಿಲ್ಲ ಕಣೇ."

"ಸದ್ಯ, ಗಂಡಾಂತರ ಕಳೀತಲ್ಲ ಅಕ್ಕ" ಎಂದೆ. ನಗು ಹಲ್ಲಿನಿಂದ ಒಳಗಿಳಿಯಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು. ಅದೇ ಡಾಕ್ಟರು, ಅದೇ ಔಷಧಿ. ಅವರದ್ದು ಯಾಕೆ ಉಳಿಯಿತು? ನನ್ನದು ಯಾಕೆ ಹೋಯಿತು?

ನಾಯಿ ನನ್ನ ಕೈ ನೆಕ್ಕಲು ಬಂತು. ಕೈ ಹಿಂದಕ್ಕೆಳೆದುಕೊಂಡೆ. ಅಕ್ಕ ನೋಡಿಬಿಟ್ಟರು.

ಅದು ಸತ್ತಿದ್ದರೆ ಅಕ್ಕನನ್ನು ಹೇಗೆ ಸಂತೈಸಬೇಕೆಂದು ನನಗೆ ಗೊತ್ತಿತ್ತು. ಬದುಕಿದೆ. ಈಗ ನನ್ನನ್ನು ಯಾರು...