ಗಾಜಿನ ಮಗುವಿಗೆ ಪುರುಡಿಲ್ಲವಂತೆ

ಹೊಳೆನರಸೀಪುರ, ೧೪ ನವೆಂಬರ್ ೨೦೦೩, ಶುಕ್ರವಾರ

ಮೈದುನ ಸಂಪತ್ಕುಮಾರ ಆಡಿದ ಮಾತು ಇನ್ನೂ ಚುಚ್ಚುತ್ತಿದೆ.

ಮಗು ಹುಟ್ಟಿದ್ದರಿಂದ ಮನೆಯವರಿಗೆಲ್ಲ ಹತ್ತು ದಿನ ಪುರುಡು. ಅಲ್ಲಿಯವರೆಗೆ ಅವನು ಗರ್ಭಗುಡಿಗೆ ಕಾಲಿಡುವಂತಿಲ್ಲ. ಆದರೆ ನಾಳೆಯಿಂದ ದೇವಸ್ಥಾನದಲ್ಲಿ ಪೂಜೆಯ ಸರದಿ ಅವನದು. ಅದನ್ನು ಬೇರೆ ಮನೆತನದ ಅರ್ಚಕರಿಗೆ ಬಿಟ್ಟುಕೊಡಲು ಮನಸ್ಸಿಲ್ಲ. ಅದಕ್ಕೇ ಸಂಜೆ ಸ್ಕೂಟರ್ ನಿಲ್ಲಿಸಿ ಬಂದವನು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ:

“ಅತ್ತಿಗೆ, ಇದು ಬೆಂಗಳೂರಲ್ಲಿ ಗಾಜಿನ ಕೊಳವೇಲಿ ಆದ ಮಗು ಅಲ್ವಾ? ನಮಗೆ ಪುರುಡು ಬರಲ್ಲ ಬಿಡಿ.”

ಗಾಜಿನಲ್ಲಂತೆ! ಅಲ್ಲಿ ಇದ್ದದ್ದು ಮೂರೇ ದಿನ, ಕಣ್ಣಿಗೂ ಕಾಣದಷ್ಟು ಚಿಕ್ಕದಾಗಿ. ಆಮೇಲೆ ಹೊತ್ತವಳು ನಾನು, ಹಾಸನದ ಆಸ್ಪತ್ರೆಯಲ್ಲಿ ನೋವು ತಿಂದವಳು ನಾನು. ಅಂಡಾಣು ನನ್ನದು, ವೀರ್ಯ ಅವನ ಅಣ್ಣನದೇ. ಅದನ್ನು ಬಾಯಿಬಿಟ್ಟು ಹೇಳಬೇಕಾದ ಅಣ್ಣ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಪುರುಡು ಇಲ್ಲ ತಾನೇ? ತಗೋ, ನಿನ್ನ ಅಣ್ಣನ ಮಗೂನ ಎತ್ಕೋ” ಎಂದು ಮಗುವನ್ನು ಅವನತ್ತ ಚಾಚಿದೆ.

ಅವನು ಹೊಸ್ತಿಲಾಚೆಗೆ ಹಾರಿದ. “ಅಯ್ಯೋ ಅತ್ತಿಗೆ, ಪುರುಡು! ಮುಟ್ಟಿಸ್ಬೇಡಿ!”

ಅಡುಗೆಮನೆಯಿಂದ ಅತ್ತೆ ಗೋದಮ್ಮ, “ಕೇಳಿಸ್ತು ಕಣೋ ಸಂಪತ್ತು. ಸರದಿ ಬಿಟ್ಕೊಡು” ಎಂದರು.

ಜಗಲಿಯಲ್ಲಿ ಇವರು ನಕ್ಕರು. ಆ ನಗುವೇ ನನಗೆ ಸಹಿಸಲಾಗುತ್ತಿಲ್ಲ. ನಗುವ ಬದಲು ಎದ್ದು ಬಂದು “ನನ್ನ ಮಗು” ಎಂದು ಒಂದು ಮಾತು ಹೇಳಬಹುದಿತ್ತು.

ಮಗು ಎದ್ದು ಅಳುತ್ತಿದೆ. ದನಿ ಕೇಳಿದ್ದೇ ಎದೆ ತೊಟ್ಟಿಕ್ಕಿ ಸೀರೆ ಒದ್ದೆಯಾಯಿತು. ಗಾಜಿನ ಮಗುವಿಗೆ ಈ ಹಾಲು ಎಲ್ಲಿಂದ ಬಂತು ಎಂದು ಅಣ್ಣ ತಮ್ಮ ಇಬ್ಬರನ್ನೂ ಕೇಳಬೇಕು.