ಜಗಲಿಯ ಮೇಲಿನ ಕುಂಕುಮ

ಮಳವಳ್ಳಿ ತಾಲ್ಲೂಕು
9 ಫೆಬ್ರವರಿ 2025

ಮುದ್ದು ಮಗಳು ಅರ್ಪಿತಾಳಿಗೆ ನಿನ್ನ ಅವ್ವ ಪುಟ್ಟಮಾದಮ್ಮ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಮಂಡ್ಯದ ಛತ್ರದಲ್ಲಿ ನಿನ್ನ ಮದುವೆ ಎಂದು ನೀನು ಫೋನಿಗೆ ಕಳಿಸಿದ ಕರೆಯೋಲೆ ನೋಡಿದೆ. ಬರುತ್ತೀಯಾ ತಾನೆ ಎಂದು ಮತ್ತೆ ಮತ್ತೆ ಕೇಳಿದ್ದೀಯ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಬೆರಳಾಡಿಸಿ ಮನಸ್ಸಿನ ಮಾತು ಹೇಳುವುದು ನನಗೆ ಬರುವುದಿಲ್ಲ. ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳ ಅಕ್ಷರ ತಿದ್ದಿಸಿದ ಕೈ ಇದು, ಪೆನ್ನು ಹಿಡಿದರೇನೇ ಮಾತು ಹೊರಡುವುದು.

ಮೊದಲು ಒಳ್ಳೆಯ ಸುದ್ದಿ. ನೀನು ನಿಂತು ಕಟ್ಟಿಸಿದ ಹುರಿಹಿಟ್ಟಿನ ಸಂಘ ಮುಚ್ಚಿಲ್ಲ. ಗೆಜ್ಜಲಗೆರೆ ಫ್ಯಾಕ್ಟರಿಗೆ ಹೋಗುವ ಹುಡುಗಿಯರು ಬಸ್ಸು ಹತ್ತುವ ಮೊದಲು ನಮ್ಮಲ್ಲೇ ಪೊಟ್ಟಣ ಕೊಳ್ಳುತ್ತಾರೆ. ವನಜಾ ಈಗ ಅಧ್ಯಕ್ಷೆ. ರಾಗಿ ಹುರಿಯುವಾಗ ಯಾರಾದರೂ ಹರಟೆಗೆ ಕೂತರೆ ಸೌಟು ಎತ್ತಿಕೊಂಡೇ ಬರುತ್ತಾಳೆ. ಪೊಟ್ಟಣದ ಮೇಲೆ ನೀನು ಬರೆದ ರಾಗಿ ತೆನೆಯ ಚಿತ್ರ ಹಾಗೇ ಇದೆ.

ನೀನು ಮಂಡ್ಯದ ಕಾಲೇಜಿನಿಂದ ಬಂದ ದಿನ ನೆನೆದರೆ ಈಗಲೂ ನಗು ಬರುತ್ತದೆ. ಎಂಬಿಎ ಓದುವವರು ಒಂದು ತಿಂಗಳು ಹಳ್ಳಿಯಲ್ಲಿದ್ದು ಸೇವೆ ಮಾಡಬೇಕೆಂದು ನಿನ್ನನ್ನು ನಮ್ಮ ಕೇರಿಗೆ ಕಳಿಸಿದ್ದರು. ಮದ್ದೂರು ಕಡೆಯ ಗದ್ದೆ ತೋಟದ ಮನೆಯ ಹುಡುಗಿ, ಬ್ಯಾಗಿನ ತುಂಬಾ ಬಿಸ್ಕತ್ತು, ನೀರಿನ ಬಾಟಲಿ. ನಮ್ಮ ಯಜಮಾನರು ತಮ್ಮ ಮಂಚ ನಿನಗೆ ಬಿಟ್ಟುಕೊಟ್ಟು ಪಡಸಾಲೆಯಲ್ಲಿ ಮಲಗಿದರು. ನೀನು ಹೊಟ್ಟೆನೋವು ಎಂದು ಊಟ ಬೇಡವೆಂದೆ. ಯಾವ ಹೊಟ್ಟೆನೋವು ಅದು ಅಂತ ನನಗೆ ಗೊತ್ತಿರಲಿಲ್ಲವೇ? ಬಿಸ್ಕತ್ತು ಮುಗಿದ ದಿನ ಅಡಿಗೆಮನೆ ಬಾಗಿಲಲ್ಲಿ ನಿಂತು, ಏನು ಸಾರು ಅವ್ವಾ ಎಂದೆ. ಅವತ್ತೇ ಮೊದಲ ಸಲ ನೀನು ನನ್ನನ್ನು ಅವ್ವ ಎಂದದ್ದು. ಮುದ್ದೆ ಉಂಡು, ಉಪ್ಸಾರಿಗೆ ಖಾರ ಕಮ್ಮಿ ಎಂದು ನನಗೇ ಪಾಠ ಹೇಳಿದೆ. ಯಜಮಾನರು ಅವತ್ತಿನಿಂದ ನಿನಗೆ ಅಪ್ಪಾಜಿಯಾದರು.

ಆಗ ಮೇಲಿನ ಬೀದಿಯವರು ನಮ್ಮ ಒಲೆಯಲ್ಲಿ ಹುರಿದ ಹಿಟ್ಟು ಕೊಳ್ಳುತ್ತಿರಲಿಲ್ಲ. ಯಾಕೆಂದು ಅವರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ನೀನು ಕೇಳಿಯೇಬಿಟ್ಟೆ. ಆ ಬೀದಿಯ ಕರಿಯಪ್ಪನವರ ಜಗಲಿಗೆ ಹೋಗಿ ಅವರೆದುರೇ ಪೊಟ್ಟಣ ಒಡೆದು, ಬೆಲ್ಲ ಹಾಕಿ ಕಲಸಿ ಬಾಯಿಗೆ ಹಾಕಿಕೊಂಡೆ. ನಮ್ಮ ಪೈಕಿ ಹುಡುಗಿಯಾಗಿ ಆ ಕೇರಿಯ ಹಿಟ್ಟು ತಿನ್ನುತ್ತೀಯಾ ಎಂದು ಅವರು ಕೇಳಿದರು.

"ನಾನು ಅವ್ವನ ಮನೇಲೇ ಮೂರೊತ್ತೂ ಉಣ್ಣೋದು ಕಣ್ ದೊಡ್ಡಪ್ಪ. ಅದ್ರಲ್ಲಿ ಮುಚ್ಚಿಡೋಕೆ ಏನೈತೆ?"

ಬೀದಿ ನಲ್ಲಿಯ ಹತ್ತಿರ ನಿಂತು ನಾನು ಕೇಳಿಸಿಕೊಂಡೆ. ಬಿಂದಿಗೆ ತುಂಬಿ ನೀರು ಹರಿದುಹೋಗುತ್ತಿದ್ದರೂ ಗೊತ್ತಾಗಲಿಲ್ಲ. ಅಷ್ಟು ಸಂತೋಷ ನನಗೆ ನನ್ನ ಹೊಟ್ಟೆಯ ಮಕ್ಕಳೂ ಕೊಟ್ಟಿಲ್ಲ. ಆಮೇಲೆ ಕರಿಯಪ್ಪನವರ ಹೆಂಡತಿ ಇಂದ್ರಮ್ಮನೇ ಬಂದು ಪೊಟ್ಟಣ ಕೊಂಡುಹೋದರು.

ಸೇವೆ ಮಾಡಲು ಹೋಗಿ ನಾನೇ ಬೆಳೆದು ಬಂದೆ ಎಂದು ಕಾಲೇಜಿನ ಸಭೆಯಲ್ಲಿ ಹೇಳಿದೆಯಂತೆ. ಬೆಳೆದದ್ದು ನಿಜ, ಊರಿಗೆ ಹೊರಡುವ ಹೊತ್ತಿಗೆ ನಿನ್ನ ಚೂಡಿದಾರಗಳೆಲ್ಲ ಬಿಗಿಯಾಗಿದ್ದವು.

ಮದುವೆಗೆ ನಾನು ಬರುವುದಿಲ್ಲ ಮಗಳೇ. ಮಂಡಿನೋವು, ಛತ್ರದ ಮೆಟ್ಟಿಲು ಹತ್ತಲಾರೆ. ನಿನ್ನ ಅಪ್ಪಾಜಿ ಬರುತ್ತಾರೆ. ಹೊಸ ಪಂಚೆ ತಂದು, ದಿನಾ ಮಡಿಕೆ ಬಿಚ್ಚಿ ನೋಡಿ ಮತ್ತೆ ಇಡುತ್ತಿದ್ದಾರೆ. ಅವರು ಎಲ್ಲೋ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ಕಂಡಾಗ ಎಲ್ಲರೆದುರು ಒಂದು ಸಲ ಅಪ್ಪಾಜಿ ಎಂದು ಕರೆ. ಅಷ್ಟು ಮಾಡು, ಸಾಕು.

ಗಂಡ ಹೆಂಡತಿ ಒಂದೇ ಹೊತ್ತಿಗೆ ಕೂತು ಉಣ್ಣಿ. ನಗುತ್ತಾ ಬಾಳಿ. ನಿನ್ನ ಮಡಿಲು ತುಂಬಿರಲಿ.

ಇಂತಿ ನಿನ್ನ ಅವ್ವ,
ಪುಟ್ಟಮಾದಮ್ಮ

ಬರೆಯಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ನನ್ನ ಮಂಡಿಗೆ ಅಂಥಾದ್ದೇನೂ ಆಗಿಲ್ಲ. ನಮ್ಮ ಕಡೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆದರೇನೇ ಕರೆದ ಹಾಗೆ, ನಿನಗೂ ಗೊತ್ತು. ಕರಿಯಪ್ಪನವರು ನಿನ್ನ ಗಂಡಿನ ಕಡೆಗೆ ನೆಂಟರಂತೆ. ಹೋದ ಭಾನುವಾರ ನೀನು ಹಿರಿಯರ ಜೊತೆ ಅವರನ್ನು ಕರೆಯಲು ಬಂದಿದ್ದೀಯ ಎಂದು ವನಜಾ ಓಡಿಬಂದು ಹೇಳಿದಳು. ನಾನು ಜಗಲಿ ಸಾರಿಸಿ, ರಂಗೋಲಿ ಬಿಟ್ಟು, ಕುಂಕುಮದ ತಟ್ಟೆ ಇಟ್ಟುಕೊಂಡು ನಿಂತೆ. ನಮ್ಮ ಕೇರಿಯ ತಿರುವಿನಲ್ಲಿ ಕಾರು ನಿಧಾನವಾಯಿತು. ನೀನು ನನ್ನನ್ನು ನೋಡಿದೆ. ಆಮೇಲೆ ತಲೆ ತಗ್ಗಿಸಿ ಫೋನು ನೋಡಿಕೊಂಡೆ. ಕಾರು ಮುಂದೆ ಹೋಯಿತು. ಪಕ್ಕದಲ್ಲಿ ಹಿರಿಯರಿದ್ದರು, ನಿನ್ನ ಕಷ್ಟ ನಿನಗೆ. ಆದರೂ ತುಂಬಾ ಸಂಕಟವಾಯಿತು ಮಗಳೇ.

ನಿನ್ನ ಅಪ್ಪಾಜಿ ಮಾತ್ರ, "ಇಲ್ಲಿ ಜಾಗ ಸಾಲ್ದು ಕಣಮ್ಮಿ, ಮುಂದಕ್ಕೋಗಿ ಕಾರು ತಿರುಗಿಸ್ಕೊಂಡು ಬತ್ತಾರೆ. ತಟ್ಟೆ ಎತ್ಬ್ಯಾಡ" ಎಂದು ದೀಪ ಹಚ್ಚುವ ಹೊತ್ತಿನವರೆಗೂ ಜಗಲಿಯಲ್ಲೇ ಕೂತಿದ್ದರು. ಕೊನೆಗೆ, ಮಗಳು ನಮ್ಮನ್ನು ನೋಡಿಲ್ಲ ಬಿಡು ಎಂದು ತಾವೇ ಸಮಾಧಾನ ಹೇಳಿಕೊಂಡು ಒಳಗೆ ಬಂದರು. ಅದನ್ನೇ ನಂಬಿಕೊಂಡು ಮದುವೆಗೆ ಬರುತ್ತಿದ್ದಾರೆ. ನೀನು ನೋಡಿದ್ದನ್ನು ನಾನು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ.